ಪುಟ್ಟ ಟ್ರೇಲರಿಗೆ ವೇಟ್ ಡಿಸ್ಟ್ರಿಬ್ಯೂಷನ್ ಹಿಚ್ ಬೇಕೇ?

ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಾವು ಕ್ಯಾಲಿಫೋರ್ನಿಯಾದ ಫ್ರೀಮಾಂಟಿನಲ್ಲಿ ನೆಲೆಸಿರುವ ಕನ್ನಡಿಗರು. ಮನೆಯಲ್ಲಿ ನಾವಿಬ್ಬರು, ಮಕ್ಕಳಿಬ್ಬರು. ಕಾರಿನ ಹಿಂದೆ ಎಳೆದೊಯ್ಯುವ ಗಾಲಿಮನೆ, ಹದಿನೇಳು ಅಡಿಯ ಟ್ರಾವೆಲ್ ಟ್ರೇಲರ್ ಒಂದಕ್ಕೆ ಮುಂಗಡ ಕೊಟ್ಟಿದ್ದೇವೆ. ಕಂಪನಿಯ ಕೈಪಿಡಿಯಲ್ಲಿ ಖಾಲಿ ತೂಕ 2,900 ಪೌಂಡ್, ಸಾಮಾನು ತುಂಬಿದ ಗರಿಷ್ಠ ತೂಕ 3,800 ಪೌಂಡ್, ಟಂಗ್ ವೇಟ್ (ಮೂತಿಯ ಭಾರ) 310 ಪೌಂಡ್ ಎಂದಿದೆ. ಎಳೆಯುವುದು ಮೂರು ಸಾಲು ಆಸನಗಳ ಎಸ್‌ಯುವಿ. ಅದರ ಎಳೆಯುವ ಮಿತಿ 5,000 ಪೌಂಡ್. ವೇಟ್ ಡಿಸ್ಟ್ರಿಬ್ಯೂಷನ್ ಹಿಚ್, ಅಂದರೆ ಮೂತಿಯ ಭಾರವನ್ನು ಹಂಚುವ ಕೊಂಡಿ, ಹಾಕಿಸಲೇಬೇಕೆಂದು ಮಾರಾಟಗಾರರು ಹೇಳುತ್ತಾರೆ. ಇಷ್ಟು ಚಿಕ್ಕ ಟ್ರೇಲರಿಗೆ ಅದು ದುಡ್ಡು ದಂಡವೆಂದು ಸ್ನೇಹಿತರು ಹೇಳುತ್ತಾರೆ. ಯಾರ ಮಾತು ಸರಿ? ಹಾಕಿಸಿದರೆ ಗಾಳಿಗೆ ಟ್ರೇಲರ್ ಓಲಾಡುವುದು ನಿಲ್ಲುತ್ತದೆಯೇ?

ಉತ್ತರ: ಇಬ್ಬರೂ ಟ್ರೇಲರಿನ ಗಾತ್ರ ನೋಡಿ ಮಾತನಾಡುತ್ತಿದ್ದಾರೆ. ಈ ಪ್ರಶ್ನೆ ತೀರ್ಮಾನವಾಗುವುದು ಟ್ರೇಲರಿನ ಗಾತ್ರದಿಂದಲ್ಲ, ಅದರ ಮೂತಿಯ ಭಾರ ನಿಮ್ಮ ಕಾರಿನ ಮುಂದಿನ ಚಕ್ರಗಳಿಗೆ ಏನು ಮಾಡುತ್ತದೆ ಎಂಬುದರಿಂದ. ಒಂದೇ ಟ್ರೇಲರಿಗೆ ಉದ್ದನೆಯ ಪಿಕಪ್ ಟ್ರಕ್ಕಿನ ಹಿಂದೆ ಏನೂ ಬೇಕಾಗದಿರಬಹುದು, ಗಿಡ್ಡ ಕಾರಿನ ಹಿಂದೆ ಬೇಕಾಗಬಹುದು.

ಮೊದಲು ಕೈಪಿಡಿಯ ಅಂಕಿಗಳನ್ನು ಸ್ವಲ್ಪ ಅನುಮಾನದಿಂದಲೇ ನೋಡೋಣ. ಅಲ್ಲಿ ಬರೆದಿರುವ 310 ಪೌಂಡ್ ಖಾಲಿ ಟ್ರೇಲರಿನ ಲೆಕ್ಕ. ಎಷ್ಟೋ ವೇಳೆ ಬ್ಯಾಟರಿಯೂ ತುಂಬಿದ ಪ್ರೊಪೇನ್ ಸಿಲಿಂಡರೂ ಅದರಲ್ಲಿ ಸೇರಿರುವುದಿಲ್ಲ, ಮತ್ತು ಅವೆರಡೂ ಕೂರುವುದು ಸರಿಯಾಗಿ ಮೂತಿಯ ಮೇಲೆಯೇ. ನೀರು ಗ್ಯಾಲನ್ನಿಗೆ 8 ಪೌಂಡಿಗಿಂತ ಹೆಚ್ಚು ತೂಗುವುದರಿಂದ ಮೂವತ್ತು ಗ್ಯಾಲನ್ ಟ್ಯಾಂಕ್ ತುಂಬಿದರೆ 250 ಪೌಂಡ್ ಸೇರುತ್ತದೆ. ಪಾತ್ರೆ, ಹಾಸಿಗೆ, ದಿನಸಿ, ಮಕ್ಕಳ ಸೈಕಲ್ ಎಲ್ಲ ಸೇರಿ ಟ್ರೇಲರ್ 3,500 ಪೌಂಡ್ ಮುಟ್ಟಿತೆಂದು ಇಟ್ಟುಕೊಳ್ಳಿ. ಈ ಬಗೆಯ ಟ್ರೇಲರಿನಲ್ಲಿ ಟಂಗ್ ವೇಟ್, ಅಂದರೆ ಹಿಚ್ಚಿನ ಗುಂಡಿನ ಮೇಲೆ ಮೂತಿ ಒತ್ತುವ ಭಾರ, ಒಟ್ಟು ತೂಕದ ಶೇಕಡ 10ರಿಂದ 15ರಷ್ಟು ಇರಬೇಕು. ಶೇಕಡ 12 ಹಿಡಿದರೆ 420 ಪೌಂಡ್, ಸುಮಾರು 190 ಕಿಲೊ.

ಈ 420 ಪೌಂಡ್ ಬೀಳುವುದು ಹಿಂದಿನ ಆಕ್ಸಲಿನ ಮೇಲಲ್ಲ, ಅದರಾಚೆ. ಆದ್ದರಿಂದ ಹಿಂದಿನ ಆಕ್ಸಲ್ ಸನ್ನೆಗೋಲಿನ ಆಧಾರದಂತಾಗಿ ಕಾರಿನ ಮುಂಭಾಗ ಮೇಲೇಳುತ್ತದೆ. ಕಾರಿನ ಎರಡು ಆಕ್ಸಲ್‌ಗಳ ನಡುವಿನ ಅಂತರ 110 ಇಂಚು, ಹಿಂದಿನ ಆಕ್ಸಲಿನಿಂದ ಗುಂಡಿನವರೆಗೆ 44 ಇಂಚು ಎಂದುಕೊಂಡರೆ, 44ನ್ನು 110ರಿಂದ ಭಾಗಿಸಿದಾಗ 0.4 ಬರುತ್ತದೆ. ಅಂದರೆ ಮುಂದಿನ ಚಕ್ರಗಳು 420ರ ನಲವತ್ತು ಶೇಕಡ, 168 ಪೌಂಡ್ ಭಾರವನ್ನು ಕಳೆದುಕೊಳ್ಳುತ್ತವೆ; ಆ 168 ಮತ್ತು ಮೂಲದ 420 ಎರಡೂ ಸೇರಿ 588 ಪೌಂಡ್ ಹಿಂದಿನ ಚಕ್ರಗಳ ಮೇಲೆ ಬೀಳುತ್ತದೆ. ಟೇಪು ಹಿಡಿದು ನಿಮ್ಮ ಕಾರಿನ ಅಳತೆಗಳನ್ನು ತೆಗೆದುಕೊಂಡರೆ ಈ ಲೆಕ್ಕ ಐದು ನಿಮಿಷದ ಕೆಲಸ.

ಕಾರನ್ನು ತಿರುಗಿಸುವುದು ಮುಂದಿನ ಚಕ್ರ, ಬ್ರೇಕಿನ ಬಹುಪಾಲು ಕೆಲಸ ಮಾಡುವುದೂ ಮುಂದಿನ ಚಕ್ರ. ಮುಂದಿನ ಚಕ್ರವೇ ಎಳೆಯುವ ಕಾರಾದರೆ, ಒದ್ದೆ ರಸ್ತೆಯ ಏರಿನಲ್ಲಿ ಹಿಡಿತ ಸಿಗಬೇಕಾದದ್ದೂ ಅಲ್ಲಿಯೇ. ಆ ಚಕ್ರಗಳು ಹಗುರಾದಾಗ ಸ್ಟೇರಿಂಗ್ ಸಡಿಲವೆನಿಸುತ್ತದೆ, ಹೆಡ್‌ಲೈಟು ಎದುರಿಗೆ ಬರುವವರ ಕಣ್ಣಿಗೆ ಹೊಡೆಯುತ್ತದೆ. ನಿಮ್ಮ ಊರಿನಿಂದ ಲೇಕ್ ತಾಹೋ ಕಡೆಗೆ ಹೊರಟರೆ ಇಂಟರ್‌ಸ್ಟೇಟ್ 80ರಲ್ಲಿ ಏಳು ಸಾವಿರ ಅಡಿಗೂ ಎತ್ತರದ ಡಾನರ್ ಪಾಸ್ ಸಿಗುತ್ತದೆ. ಅಂಥ ಏರಿಳಿತದಲ್ಲಿ 168 ಪೌಂಡ್ ಕಡೆಗಣಿಸುವ ಅಂಕಿಯಲ್ಲ; ಹಾಗೆಂದು ಭಯಪಡುವ ಅಂಕಿಯೂ ಅಲ್ಲ.

ವೇಟ್ ಡಿಸ್ಟ್ರಿಬ್ಯೂಷನ್ ಹಿಚ್ ಮಾಡುವುದಿಷ್ಟೇ. ಹಿಚ್ಚಿನ ತಲೆಯಿಂದ ಎರಡು ಸ್ಪ್ರಿಂಗ್ ಬಾರ್‌ಗಳು ಹೊರಟು ಟ್ರೇಲರಿನ ಮೂತಿಯ ಚೌಕಟ್ಟಿಗೆ ಬಿಗಿತದಲ್ಲಿ ಸೇರಿಕೊಳ್ಳುತ್ತವೆ. ಆ ಬಿಗಿತ ಕಾರಿನ ಹಿಂಭಾಗವನ್ನು ಮೇಲಕ್ಕೆ ಎತ್ತುವಂತೆ ತಿರುಚುವುದರಿಂದ ಹಿಂದಿನ ಆಕ್ಸಲಿನ ಮೇಲಿದ್ದ ಭಾರದಲ್ಲಿ ಒಂದು ಪಾಲು ಮುಂದಿನ ಆಕ್ಸಲಿಗೂ ಇನ್ನೊಂದು ಪಾಲು ಟ್ರೇಲರಿನ ಆಕ್ಸಲಿಗೂ ಹೋಗುತ್ತದೆ. ಮೇಲಿನ ಉದಾಹರಣೆಯಲ್ಲೇ, ಮುಂದೆ ಕಳೆದುಹೋದ 168ರಲ್ಲಿ ಅರ್ಧ, ಅಂದರೆ 84 ಪೌಂಡ್ ಹಿಂದಿರುಗುವಂತೆ ಬಾರ್‌ಗಳನ್ನು ಬಿಗಿದರೆ, ಗುಂಡಿನಿಂದ ಟ್ರೇಲರಿನ ಆಕ್ಸಲಿಗೆ 13 ಅಡಿ ಇದ್ದಲ್ಲಿ ಟ್ರೇಲರಿನ ಆಕ್ಸಲಿಗೆ ಹೋಗುವುದು ಸುಮಾರು 46 ಪೌಂಡ್. ಇದನ್ನು ಗಮನವಿಟ್ಟು ನೋಡಿ: ಕಾರಿನ ಮೇಲಿನಿಂದ ನಿಜವಾಗಿ ಇಳಿದದ್ದು ಆ 46 ಪೌಂಡ್ ಮಾತ್ರ. ಹಿಚ್ಚಿನ ಕಬ್ಬಿಣವೇ ಎಂಬತ್ತು ಪೌಂಡಿನ ಆಸುಪಾಸು ತೂಗುತ್ತದೆ. ಆದ್ದರಿಂದ ಈ ಹಿಚ್ ಹಾಕಿಸಿದರೆ ಕಾರು ಇನ್ನಷ್ಟು ಹೊರುತ್ತದೆ ಎಂಬ ಅಂಗಡಿಯ ಮಾತನ್ನು ನಂಬಬೇಡಿ.

ಕಾರು ತನ್ನ ಮೈಮೇಲೆ ಎಷ್ಟು ಭಾರ ಹೊರಬಹುದು ಎಂಬ ಮಿತಿಯನ್ನು ನೀವು ಬರೆದಿಲ್ಲ. ಚಾಲಕನ ಬಾಗಿಲಿನ ಚೌಕಟ್ಟಿನಲ್ಲಿ ಅಂಟಿಸಿರುವ ಟೈರ್ ಮಾಹಿತಿಯ ಚೀಟಿಯಲ್ಲಿ, ಪ್ರಯಾಣಿಕರು ಮತ್ತು ಸಾಮಾನಿನ ಒಟ್ಟು ತೂಕ ಇಷ್ಟನ್ನು ಮೀರಬಾರದು ಎಂದು ಒಂದು ಅಂಕಿ ಇರುತ್ತದೆ. ನಾಲ್ವರ ತೂಕ 550, ಡಿಕ್ಕಿಯ ಸಾಮಾನು 150, ಟಂಗ್ ವೇಟ್ 420, ಹಿಚ್ 80 ಎಂದರೆ ಅಲ್ಲಿಗೇ 1,200 ಪೌಂಡ್ ಆಯಿತು. ಎಳೆಯುವ ಮಿತಿ 5,000 ಎಂದು ಬೀಗುವ ಅನೇಕ ಕಾರುಗಳು ಮೊದಲು ಸೋಲುವುದು ಈ ಚೀಟಿಯ ಮುಂದೆ. ಅಲ್ಲಿ ಸೋತರೆ ಯಾವ ಹಿಚ್ಚೂ ನಿಮ್ಮನ್ನು ಕಾಪಾಡುವುದಿಲ್ಲ. ಸಾಮಾನು ಕಡಿಮೆ ಮಾಡಬೇಕು ಅಥವಾ ಇನ್ನೂ ಹಗುರವಾದ ಟ್ರೇಲರ್ ನೋಡಬೇಕು.

ಇನ್ನು ತೀರ್ಮಾನ. ಕಾರಿನ ಹಿಂದಿರುವ ಹಿಚ್ ರಿಸೀವರಿನ, ಅಂದರೆ ಹಿಚ್ಚನ್ನು ಸಿಕ್ಕಿಸುವ ಗೂಡಿನ ಮೇಲೆ ಒಂದು ಚೀಟಿ ಇರುತ್ತದೆ. ಹಲವು ರಿಸೀವರ್‌ಗಳಲ್ಲಿ ಮಾಮೂಲಿ ಹಿಚ್ಚಿಗೆ ಒಂದು ಮಿತಿ, ವೇಟ್ ಡಿಸ್ಟ್ರಿಬ್ಯೂಷನ್ ಹಿಚ್ಚಿಗೆ ಇನ್ನೊಂದು ಹೆಚ್ಚಿನ ಮಿತಿ ಬರೆದಿರುತ್ತಾರೆ. ನಿಮ್ಮ ಟಂಗ್ ವೇಟ್ ಮೊದಲನೆಯ ಮಿತಿಯನ್ನು ದಾಟಿದರೆ ಚರ್ಚೆಯೇ ಇಲ್ಲ, ಹಾಕಿಸಬೇಕು. ಅನಂತರ ಕಾರಿನ ಕೈಪಿಡಿಯಲ್ಲಿ ಟ್ರೇಲರ್ ಎಳೆಯುವ ಅಧ್ಯಾಯವನ್ನು ಪೂರ್ತಿ ಓದಿ. ಕೆಲವು ತಯಾರಕರು ಇಂತಿಷ್ಟು ತೂಕದ ಮೇಲೆ ಈ ಹಿಚ್ ಕಡ್ಡಾಯ ಎನ್ನುತ್ತಾರೆ. ಕೆಲವರು, ಮುಖ್ಯವಾಗಿ ಎಸ್‌ಯುವಿಗಳ ವಿಷಯದಲ್ಲಿ, ಬಳಸಬೇಡಿ ಎಂದೇ ಬರೆದಿರುತ್ತಾರೆ. ಬಾರ್‌ಗಳ ತಿರುಚುವ ಬಲ ನೇರವಾಗಿ ರಿಸೀವರಿಗೂ ಅದು ಕೂತಿರುವ ಕಾರಿನ ಮೈಗೂ ತಗಲುತ್ತದೆ, ಆ ಬಲವನ್ನು ಎಣಿಕೆಗೆ ತೆಗೆದುಕೊಂಡು ಎಲ್ಲ ಕಾರನ್ನೂ ಕಟ್ಟಿರುವುದಿಲ್ಲ. ಬೇಡವೆಂದಿದ್ದರೆ ಮಾರಾಟಗಾರರ ಒತ್ತಾಯಕ್ಕೆ ಮಣಿಯಬೇಡಿ. ಟ್ರೇಲರಿನ ತಯಾರಕರನ್ನೂ ಒಂದು ಮಾತು ಕೇಳಿ, ಏಕೆಂದರೆ ಬಾರ್‌ಗಳ ಇನ್ನೊಂದು ತುದಿ ಎಳೆಯುವುದು ಅವರ ಚೌಕಟ್ಟನ್ನು. ಹಗುರ ಚೌಕಟ್ಟಿನ ಪುಟ್ಟ ಟ್ರೇಲರುಗಳಲ್ಲಿ ಇದು ಬರಿಯ ಔಪಚಾರಿಕ ಪ್ರಶ್ನೆಯಲ್ಲ.

ಕೈಪಿಡಿ ಕಡ್ಡಾಯವೂ ಮಾಡಿಲ್ಲ, ನಿಷೇಧವೂ ಮಾಡಿಲ್ಲ ಎಂದಾದರೆ ಅಳತೆಯೇ ಗತಿ. ಟಂಗ್ ವೇಟ್ ಅಳೆಯಲು ಬಚ್ಚಲುಮನೆಯಲ್ಲಿ ಇಡುವ ತೂಕದ ಯಂತ್ರವೇ ಸಾಕು. ಗಟ್ಟಿ ತೊಲೆಯೊಂದರ ಒಂದು ತುದಿಯನ್ನು ಇಟ್ಟಿಗೆಯ ಮೇಲೆ, ಇನ್ನೊಂದು ತುದಿಯನ್ನು ತೂಕದ ಯಂತ್ರದ ಮೇಲೆ ಸಮಮಟ್ಟದಲ್ಲಿ ಇಟ್ಟು, ಇಟ್ಟಿಗೆಯಿಂದ ಒಂದು ಅಡಿ, ಯಂತ್ರದಿಂದ ಎರಡು ಅಡಿ ದೂರದಲ್ಲಿ ಮೂತಿಯನ್ನು ಇಳಿಸಿದರೆ, ಯಂತ್ರ ತೋರಿಸುವ ಅಂಕಿಯ ಮೂರು ಪಟ್ಟು ನಿಮ್ಮ ಟಂಗ್ ವೇಟ್. ಟ್ರೇಲರಿನ ಚಕ್ರಗಳಿಗೆ ಕಲ್ಲು ಕೊಡುವುದನ್ನು ಮರೆಯಬೇಡಿ. ಬಳಿಕ ಕುಟುಂಬವನ್ನೂ ಸಾಮಾನನ್ನೂ ಕೂರಿಸಿಕೊಂಡು ಹೆದ್ದಾರಿಯ ಟ್ರಕ್ ಸ್ಟಾಪಿನಲ್ಲಿರುವ ಕ್ಯಾಟ್ ಕಂಪನಿಯ ತೂಕದ ಸೇತುವೆಗೆ ಹೋಗಿ. ಅಲ್ಪ ಶುಲ್ಕಕ್ಕೆ ಮುಂದಿನ ಆಕ್ಸಲ್, ಹಿಂದಿನ ಆಕ್ಸಲ್, ಟ್ರೇಲರ್ ಮೂರರ ತೂಕವನ್ನೂ ಬೇರೆಬೇರೆಯಾಗಿ ಬರೆದುಕೊಡುತ್ತಾರೆ. ಟ್ರೇಲರ್ ಕಟ್ಟಿ ಒಮ್ಮೆ, ಕಳಚಿ ಒಮ್ಮೆ ತೂಗಿಸಿದರೆ ಮುಂದಿನ ಚಕ್ರ ಕಳೆದುಕೊಂಡದ್ದು ಕಾಗದದ ಮೇಲೆ ಬರುತ್ತದೆ.

ನಿಮ್ಮ ಅಂಕಿಗಳು ನಾನು ಊಹಿಸಿದಷ್ಟೇ ಇದ್ದು ಕೈಪಿಡಿಯ ಅನುಮತಿಯೂ ಇದ್ದರೆ, ಹಾಕಿಸಿ ಎಂದೇ ನನ್ನ ಸಲಹೆ. ಆದರೆ ನಿಮ್ಮ ಟಂಗ್ ವೇಟಿಗೆ ಹೊಂದುವ ತೆಳು ಬಾರ್‌ಗಳನ್ನು ಆರಿಸಿ. ಅಂಗಡಿಯಲ್ಲಿ ಉಳಿದಿರುವ, ಸಾವಿರ ಪೌಂಡ್ ಟಂಗ್ ವೇಟಿಗೆಂದು ಮಾಡಿದ ಬಾರ್‌ಗಳನ್ನು ಸಾಗಹಾಕಿಸಿಕೊಂಡರೆ ಟ್ರೇಲರಿನ ಚೌಕಟ್ಟಿಗೇ ಏಟು. ಹೊಂದಿಸುವಾಗ ಮುಂದಿನ ಚಕ್ರದ ಮೇಲಿನ ಕಮಾನಿನ ಎತ್ತರವನ್ನು ಟ್ರೇಲರ್ ಇಲ್ಲದೆ, ಬಾರ್ ಇಲ್ಲದೆ ಟ್ರೇಲರ್ ಕಟ್ಟಿ, ಬಾರ್ ಬಿಗಿದು, ಹೀಗೆ ಮೂರು ಸಲ ಅಳೆಯಿರಿ. ಏರಿದ ಎತ್ತರದಲ್ಲಿ ಎಷ್ಟು ಪಾಲು ಇಳಿಯಬೇಕೆಂದು ಕೈಪಿಡಿಯಲ್ಲಿದ್ದರೆ ಅದೇ ಪ್ರಮಾಣ. ಇಲ್ಲದಿದ್ದರೆ ಅರ್ಧದಿಂದ ಆರಂಭಿಸಬಹುದು. ಮೂಲ ಎತ್ತರಕ್ಕಿಂತ ಕೆಳಗೆ ಮಾತ್ರ ಇಳಿಸಬೇಡಿ, ಆಗ ಹಿಂದಿನ ಚಕ್ರಗಳು ಹಗುರಾಗಿ ತಿರುವಿನಲ್ಲಿ ಕಾರಿನ ಹಿಂಭಾಗ ಜಾರುವ ಅಪಾಯವಿದೆ.

ಓಲಾಟದ ಪ್ರಶ್ನೆಗೆ ಉತ್ತರ ಬೇರೆ. ಸಾದಾ ವೇಟ್ ಡಿಸ್ಟ್ರಿಬ್ಯೂಷನ್ ಹಿಚ್ ಓಲಾಟಕ್ಕೆ ಮದ್ದಲ್ಲ. ಅದಕ್ಕೆ ಘರ್ಷಣೆಯಿಂದ ತಡೆಯುವ ಪ್ರತ್ಯೇಕ ಸಲಕರಣೆ ಇದೆ, ಕೆಲವು ಹಿಚ್‌ಗಳಲ್ಲಿ ಎರಡೂ ಕೂಡಿಯೇ ಬರುತ್ತವೆ. ಓಲಾಟದ ಸಾಮಾನ್ಯ ಕಾರಣ ಟ್ರೇಲರಿನ ಹಿಂಭಾಗದಲ್ಲಿ ತುಂಬಿದ ಹೊರೆ. ಎತ್ತಿನ ಗಾಡಿಗೆ ಹೇರು ಹಾಕುವವರು ಹಿಂಭಾರವಾಗದಂತೆ, ನೊಗದ ಮೇಲೆ ತುಸು ಭಾರ ಉಳಿಯುವಂತೆ ಹೇರುತ್ತಿದ್ದುದೂ ಇದೇ ತಿಳಿವಳಿಕೆಯಿಂದ. ಸೈಕಲ್‌ಗಳನ್ನು ಟ್ರೇಲರಿನ ಬಾಲಕ್ಕೆ ನೇತುಹಾಕಬೇಡಿ. ವೇಗವೂ ಮುಖ್ಯ, ಕ್ಯಾಲಿಫೋರ್ನಿಯಾದಲ್ಲಿ ಟ್ರೇಲರ್ ಎಳೆಯುವ ವಾಹನಕ್ಕೆ ಗಂಟೆಗೆ 55 ಮೈಲಿಯ ಮಿತಿಯಿದೆ, ಆಲ್ಟಮಾಂಟ್ ಪಾಸಿನ ಗಾಳಿಯಲ್ಲಿ ಅದೂ ಹೆಚ್ಚೇ. ಓಲಾಟ ಶುರುವಾದರೆ ಕಾರಿನ ಬ್ರೇಕನ್ನು ಒತ್ತದೆ, ಆಕ್ಸಿಲರೇಟರಿನಿಂದ ಕಾಲು ತೆಗೆದು, ಸ್ಟೇರಿಂಗ್ ನೇರವಾಗಿ ಹಿಡಿದು, ಬ್ರೇಕ್ ಕಂಟ್ರೋಲರಿನ ಕೈಗುಂಡಿಯಿಂದ ಟ್ರೇಲರಿನ ಬ್ರೇಕನ್ನು ಮಾತ್ರ ಮೆಲ್ಲಗೆ ಹಾಕಿ. ಆ ಕಂಟ್ರೋಲರ್ ಕಾರಿನಲ್ಲಿ ಇನ್ನೂ ಇಲ್ಲವಾದರೆ, ಮೊದಲ ಖರ್ಚು ಅದಕ್ಕೆ, ಹಿಚ್ಚಿಗಲ್ಲ.

ಪ್ರಶ್ನೆ: ಟೆಕ್ಸಸ್‌ನ ಆಸ್ಟಿನ್‌ನಿಂದ ಬರೆಯುತ್ತಿದ್ದೇನೆ. ಹಿಂದಿನ ಸ್ಪ್ರಿಂಗ್‌ಗಳಿಗೆ ಏರ್ ಬ್ಯಾಗ್ ಹಾಕಿಸಿದ್ದೇನೆ, ಟ್ರೇಲರ್ ಕಟ್ಟಿದಾಗಲೂ ಕಾರು ಸಮತಟ್ಟಾಗಿ ನಿಲ್ಲುತ್ತದೆ. ಇನ್ನು ಬೇರೆ ಹಿಚ್ ಬೇಕಿಲ್ಲವಲ್ಲವೇ?

ಉತ್ತರ: ಕಾರು ಸಮತಟ್ಟಾಗಿ ಕಾಣುವುದೂ ಭಾರ ಸರಿಯಾಗಿ ಹಂಚಿಹೋಗುವುದೂ ಒಂದೇ ಅಲ್ಲ. ಏರ್ ಬ್ಯಾಗ್ ಹಿಂಭಾಗವನ್ನು ಎತ್ತಿ ಹಿಡಿಯುತ್ತದೆ, ಮುಂದಿನ ಚಕ್ರ ಕಳೆದುಕೊಂಡ ಭಾರವನ್ನು ಹಿಂದಕ್ಕೆ ತರುವುದಿಲ್ಲ. ಅದರಿಂದ ಕಣ್ಣಿಗೆ ಸಿಗುತ್ತಿದ್ದ ಎಚ್ಚರಿಕೆಯೂ ಮರೆಯಾಗುತ್ತದೆ, ಆದ್ದರಿಂದ ನೀವು ಕಮಾನಿನ ಅಳತೆಯನ್ನು ನೆಚ್ಚದೆ ತೂಕದ ಸೇತುವೆಗೇ ಹೋಗಬೇಕು. ಹಿಚ್ ಹಾಕಿಸುವುದಾದರೆ ಬ್ಯಾಗಿನ ಗಾಳಿಯನ್ನು ಕನಿಷ್ಠ ಮಟ್ಟಕ್ಕೆ ಇಳಿಸಿ, ಬಾರ್‌ಗಳನ್ನು ಹೊಂದಿಸಿದ ಮೇಲೆ ಬೇಕಾದಷ್ಟೇ ತುಂಬಿ.

ಪ್ರಶ್ನೆ: ಜರ್ಮನಿಯ ಮ್ಯೂನಿಕ್‌ನಲ್ಲಿದ್ದೇನೆ. ಅಮೆರಿಕದ ಬಂಧುಗಳು ಈ ಹಿಚ್ ಇಲ್ಲದೆ ಕಾರವಾನ್ ಎಳೆಯಬೇಡ ಎನ್ನುತ್ತಾರೆ. ಇಲ್ಲಿ ಯಾರ ಬಳಿಯೂ ಅದನ್ನು ಕಂಡಿಲ್ಲ.

ಉತ್ತರ: ಕಾಣುವುದೂ ಅಪರೂಪ. ಯುರೋಪಿನ ಕಾರವಾನ್‌ಗಳ ಆಕ್ಸಲ್ ನಡುಭಾಗಕ್ಕೆ ಹತ್ತಿರವಿದ್ದು, ಮೂತಿಯ ಭಾರ ತೀರ ಕಡಿಮೆ ಇರುವಂತೆ ಕಟ್ಟಿರುತ್ತಾರೆ. ಎಷ್ಟೋ ಕಾರುಗಳು ಅನುಮತಿಸುವುದೇ 75ರಿಂದ 100 ಕಿಲೊ. ಅಷ್ಟು ಭಾರಕ್ಕೆ ಹಂಚಿಕೆಯ ಅಗತ್ಯ ಬರುವುದಿಲ್ಲ. ಭಾರ ಕಡಿಮೆಯಾದ ಮೂತಿಗೆ ಓಲಾಡುವ ಗುಣ ಹೆಚ್ಚು, ಅದನ್ನು ಅಲ್ಲಿ ಘರ್ಷಣೆಯ ಸ್ಟೆಬಿಲೈಸರ್ ಕಪ್ಲಿಂಗಿನಿಂದಲೂ ಕಡಿಮೆ ವೇಗದಿಂದಲೂ ನಿಭಾಯಿಸುತ್ತಾರೆ; ಜರ್ಮನಿಯಲ್ಲಿ ಕಾರವಾನ್ ಎಳೆಯುವ ಕಾರಿಗೆ ಗಂಟೆಗೆ 80 ಕಿಲೋಮೀಟರ್, ನಿಯಮಗಳನ್ನು ಪೂರೈಸಿ ಅನುಮತಿ ಪಡೆದವರಿಗೆ ಆಟೋಬಾನಿನಲ್ಲಿ 100. ಕಾರಿನ ಮತ್ತು ಕಾರವಾನಿನ ಕಾಗದಗಳಲ್ಲಿರುವ ಮೂತಿಭಾರದ ಮಿತಿಗಳಲ್ಲಿ ಯಾವುದು ಕಡಿಮೆಯೋ ಅದನ್ನು ಮೀರದಂತೆ, ಆದರೆ ಅದರ ಹತ್ತಿರಕ್ಕೆ ಬರುವಂತೆ ಸಾಮಾನು ಜೋಡಿಸಿ.