ಮಾರುವವರು ಒಬ್ಬರೇ ಇದ್ದಾಗ

(ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.)

ನಾನು ಆಪ್ತಸಲಹೆಗಾರ್ತಿ. ಮಡಿಕೇರಿಯ ನನ್ನ ಕೋಣೆಗೆ ಅವರು ಬಂದದ್ದು ಜೋರು ಮಳೆಯ ದಿನ. ವಯಸ್ಸು ಐವತ್ತರ ಹತ್ತಿರ. ರಕ್ಷಣಾ ಖರೀದಿಯಲ್ಲಿ ಬೆಲೆ ಮಾತುಕತೆ ನಡೆಸುವ ಸಮಿತಿಯ ಸದಸ್ಯರು, ರಜೆಗೆ ಊರಿಗೆ ಬಂದಿದ್ದರು. ಎರಡು ತಿಂಗಳಿಂದ ನಿದ್ದೆಯಿಲ್ಲ. ವಸ್ತು, ಕಂಪನಿ, ಮೊತ್ತ ಯಾವುದನ್ನೂ ನನಗೆ ಹೇಳಬೇಡಿ ಅಂದೆ. ಅಷ್ಟಕ್ಕೇ ಅವರ ಬಿಗಿದ ಭುಜ ಸಡಿಲವಾಯಿತು.

"ಮೇಡಂ, ಮಾರುವವರು ಒಬ್ಬರೇ. ಕಮ್ಮಿ ಮಾಡಿ ಅನ್ನುವಾಗ ಭಿಕ್ಷೆ ಬೇಡಿದ ಹಾಗಾಗುತ್ತೆ."

ಸಾಲದ್ದಕ್ಕೆ, ಸೇನೆಯಿಂದ ನಿವೃತ್ತರಾದ ಹೆಂಡತಿಯ ಸೋದರಮಾವ ಈಗ ಅದೇ ಕಂಪನಿಗೆ ಸಲಹೆಗಾರರು. "ನಮ್ಮ ಹುಡುಗರಿಗೆ ಬೇಕಾದ ಸಾಮಾನಪ್ಪಾ, ಅದಕ್ಕೂ ಚೌಕಾಸಿಯಾ?" ಅಂತ ಫೋನ್ ಮಾಡಿದ್ದರಂತೆ. ಇಷ್ಟೊಂದು ಸೈನಿಕರನ್ನು ಕೊಟ್ಟ ಕೊಡಗಿನಲ್ಲಿ ಆ ಮಾತು ಎಲ್ಲಿ ಚುಚ್ಚುತ್ತೆ ಅಂತ ನನಗೆ ಗೊತ್ತು.

ಅವರ ಮನೆಯದು ರೊಬಸ್ಟಾ ತೋಟ. ಅಪ್ಪ ಕಾಫಿ ಮಾರುವಾಗ ವ್ಯಾಪಾರಿ ಏನು ಮಾಡ್ತಿದ್ದರು ಅಂತ ಕೇಳಿದೆ. ಮೂಟೆಯಿಂದ ಒಂದಿಷ್ಟು ಚೆರಿ, ಅಂದರೆ ಒಣಗಿಸಿದ ಕಾಫಿ ಹಣ್ಣು, ತೆಗೆದು, ಸಿಪ್ಪೆ ಬಿಡಿಸಿ, ಬೇಳೆ ತೂಗಿ ಔಟ್‌ಟರ್ನ್ (ಇಷ್ಟು ಚೆರಿಗೆ ಎಷ್ಟು ಬೇಳೆ ಅಂತ) ನೋಡ್ತಿದ್ದರು, ತೇವಾಂಶ ನೋಡ್ತಿದ್ದರು, ಆಮೇಲೆ ರೇಟು.

"ಅಪ್ಪನಿಗೆ ಅವಮಾನ ಆಗ್ತಿತ್ತಾ?"

"ಇಲ್ಲ. ತಕ್ಕಡಿ ನೋಡ್ತಾ ನಿಂತಿರ್ತಿದ್ದರು."

ಆಮೇಲೆ ಅವರೇ ಬಿಡಿಸಿ ಹೇಳಿದರು. ಒಬ್ಬರೇ ಮಾರುವವರಿದ್ದರೆ, 2020ರ ರಕ್ಷಣಾ ಖರೀದಿ ನಿಯಮದ ಪ್ರಕಾರ, ಕಂಪನಿ ಕೊಟ್ಟ ಬೆಲೆಯ ಲಕೋಟೆ ಒಡೆಯುವ ಮೊದಲೇ ಸಮಿತಿ ತನ್ನದೊಂದು ಅಂದಾಜು ಬೆಲೆ ಕಟ್ಟಿಕೊಳ್ಳಬೇಕು. ಕಚ್ಚಾವಸ್ತುವಿಗೆಷ್ಟು, ಕೂಲಿಗೆಷ್ಟು, ಲಾಭವೆಷ್ಟು ಅಂತ ಕೇಳಬೇಕು. ಕೇಳದಿದ್ದರೆ ಏನಾಗುತ್ತೆ ಅಂತಲೂ ಹೇಳಿದರು: ಅಮೆರಿಕದಲ್ಲಿ 2019ರಲ್ಲಿ ರಕ್ಷಣಾ ಇಲಾಖೆಯ ಲೆಕ್ಕ ತಪಾಸಣೆ ಮಾಡುವ ಇನ್‌ಸ್ಪೆಕ್ಟರ್ ಜನರಲ್ ಕಚೇರಿ ಒಂದು ಕಂಪನಿಯ 47 ಬಿಡಿಭಾಗ ಪರೀಕ್ಷಿಸಿದಾಗ 46ರಲ್ಲಿ ಅತಿಯಾದ ಲಾಭ ಕಂಡಿತ್ತು, ಕಂಪನಿ 1.61 ಕೋಟಿ ಡಾಲರ್ ವಾಪಸ್ ಕೊಟ್ಟಿತು. ಎಲ್ಲ ಗೊತ್ತಿತ್ತು ಅವರಿಗೆ. ಬಾಯಿ ಮಾತ್ರ ಬರ್ತಿರಲಿಲ್ಲ.

ನಾನು ಹೇಳಿದ್ದಿಷ್ಟು. ಸಂಬಂಧದ ವಿಷಯವನ್ನು ಮೇಲಧಿಕಾರಿಗೆ ಬರಹದಲ್ಲಿ ತಿಳಿಸಿ, ಇದು ಮೊದಲ ಕೆಲಸ. ಫೋನ್ ಬಂದರೆ "ಮಾವ, ಈ ವಿಷಯ ನಮ್ಮಿಬ್ಬರ ನಡುವೆ ಬೇಡ" ಅನ್ನಿ, ಇಟ್ಟುಬಿಡಿ. "ಕಮ್ಮಿ ಮಾಡಿ" ಅನ್ನುವುದನ್ನೇ ಬಿಡಿ. "ಈ ಮೊತ್ತ ಹೇಗೆ ಬಂತು, ಲೆಕ್ಕ ತೋರಿಸಿ" ಅಂತ ಕೇಳಿ ಸುಮ್ನೆ ಕೂತ್ಕೊಳ್ಳಿ. ನಿದ್ದೆ ಹೀಗೇ ಕೆಟ್ಟರೆ ವೈದ್ಯರನ್ನು ನೋಡಿ.

ಅಲ್ಲೇ ಅಭ್ಯಾಸ ಮಾಡಿದೆವು. ನಾನು ಕಂಪನಿಯವಳಾದೆ, ಉತ್ತರ ಕೊಡದೆ ಕೂತೆ. ಮೂರು ಸಲ ಅವರೇ "ಪರವಾಗಿಲ್ಲ ಬಿಡಿ" ಅಂದುಬಿಟ್ಟರು. ನಾಲ್ಕನೇ ಸಲ ಕಾದರು. ಹೆಂಚಿನ ಮೇಲಿನ ಮಳೆ ಬಿಟ್ಟರೆ ಬೇರೆ ಸದ್ದಿರಲಿಲ್ಲ.

ಪತ್ರ ಕೊಟ್ಟ ಮೇಲೆ ಆ ಕಡತದಿಂದ ಅವರನ್ನು ಬಿಡಿಸಿದರು. ಬೇಜಾರಿದೆ ಅಂದರು. ಮುಂದಿನ ಕಡತದಲ್ಲೂ ಮಾರುವವರು ಒಬ್ಬರೇ ಅಂತೆ. ನಿದ್ದೆ ಬರ್ತಿದೆ.