ಬೇಸಿಗೆಯಲ್ಲಿ ವಾಲ್‌ಐ ಮೀನು ಹಿಡಿಯಲು ಜಿಗ್ಗಿಂಗ್ ಸ್ಪೂನ್ ಬಳಸಬಹುದೇ?

ಜಿಗ್ಗಿಂಗ್ ಸ್ಪೂನ್ ಎಂಬ ಲೋಹದ ಗಾಳವನ್ನು ಹೆಚ್ಚಾಗಿ ಹೆಪ್ಪುಗಟ್ಟಿದ ಸರೋವರಗಳಲ್ಲಿ ಬಳಸುವುದರಿಂದ ಈ ಸಂದೇಹ ಸಹಜ. ಆದರೆ ಜುಲೈ, ಆಗಸ್ಟ್ ತಿಂಗಳುಗಳಲ್ಲೂ ಅದನ್ನು ಧಾರಾಳವಾಗಿ ಬಳಸಬಹುದು. ಅಮೆರಿಕದ ಮಿನ್ನೆಸೋಟ ರಾಜ್ಯದ ಸರೋವರಗಳಲ್ಲಿ ಮೇಲ್ಪದರದ ನೀರು ಕಾದಾಗ, ಮಂದ ಬೆಳಕಿಗೆ ಹೊಂದಿಕೊಂಡ ಕಣ್ಣುಗಳುಳ್ಳ ವಾಲ್‌ಐ ಮೀನುಗಳು ಹಗಲಿನಲ್ಲಿ ಹಲವು ಕಡೆ 20ರಿಂದ 30 ಅಡಿ ಆಳದಲ್ಲಿರುವ ದಿಬ್ಬಗಳ ಅಂಚಿಗೆ ಇಳಿದು ಗುಂಪುಗೂಡುತ್ತವೆ. 14ರಿಂದ 21 ಗ್ರಾಂ ತೂಕದ ಸ್ಪೂನ್ ಅಲ್ಲಿಗೆ ಬೇಗನೆ ಮುಳುಗಿ, ದೋಣಿಯ ನೇರ ಕೆಳಗೇ ನಿಲ್ಲುತ್ತದೆ.

ಅದು ತಳ ಮುಟ್ಟಿದೊಡನೆ ಕೋಲಿನ ತುದಿಯನ್ನು ಒಂದೆರಡು ಅಡಿ ಚಟ್ಟನೆ ಎತ್ತಿ, ದಾರವನ್ನು ತುಸುವೇ ಸಡಿಲಬಿಟ್ಟು ಇಳಿಸಬೇಕು. ಇಳಿಯುವ ಆ ಕ್ಷಣದಲ್ಲಿ ಸ್ಪೂನ್ ಅತ್ತಿತ್ತ ಹೊರಳುತ್ತ, ಗಾಯಗೊಂಡ ಮರಿಮೀನಿನ ಹೊಟ್ಟೆಯಂತೆ ಮಿನುಗುತ್ತದೆ. ಹೆಚ್ಚಿನ ಮೀನುಗಳು ಕಚ್ಚುವುದೂ ಆಗಲೇ. ದಾರ ಪೂರ್ತಿ ಸಡಿಲವಾದರೆ ಕಚ್ಚಿದ್ದು ತಿಳಿಯದು, ಬಿಗಿಯಾದರೆ ಸ್ಪೂನ್ ಹೊರಳದು. ಕೈ ಪಳಗಬೇಕಾದದ್ದು ಮುಖ್ಯವಾಗಿ ಇದರಲ್ಲೇ ಎಂಬುದು ನನ್ನ ಅಭಿಪ್ರಾಯ.

ಇನ್ನೊಂದು ಮಾತು: 30 ಅಡಿಗಿಂತ ಹೆಚ್ಚು ಆಳದಿಂದ ಎಳೆದ ಮೀನಿನ ಗಾಳಿಚೀಲ ಉಬ್ಬುವುದರಿಂದ, ಮರಳಿ ನೀರಿಗೆ ಬಿಟ್ಟರೂ ಅದು ಬದುಕುವುದು ಕಷ್ಟ. ಹಿಡಿದು ಬಿಡುವ ಉದ್ದೇಶವಿದ್ದರೆ ದಯವಿಟ್ಟು ಅಷ್ಟು ಆಳಕ್ಕೆ ಗಾಳ ಹಾಕಬೇಡಿ.