ಕ್ವಾಂಟಮ್ ಸಿದ್ಧಾಂತದ ಅರ್ಥ ಹುಡುಕುವವರು ಎಲ್ಲಿಂದ ಆರಂಭಿಸಬೇಕು?

ಪ್ರಶ್ನೆ: ನಾನು ಭೌತಶಾಸ್ತ್ರದಲ್ಲಿ ಎಂ.ಎಸ್‌ಸಿ. ಮೊದಲ ವರ್ಷ ಓದುತ್ತಿದ್ದೇನೆ. ಕ್ವಾಂಟಮ್ ಲೆಕ್ಕಗಳನ್ನು ಬಿಡಿಸಲು ಬರುತ್ತದೆ. ಅವು ಜಗತ್ತಿನ ಬಗ್ಗೆ ಏನು ಹೇಳುತ್ತವೆ ಎಂಬುದು ಮಾತ್ರ ತಿಳಿಯುತ್ತಿಲ್ಲ. ಇದನ್ನು ಅರಿಯಲು ಭೌತಶಾಸ್ತ್ರ ಬಿಟ್ಟು ತತ್ತ್ವಶಾಸ್ತ್ರಕ್ಕೆ ಸೇರಬೇಕೆ?
— ಓದುಗರು, ಸಪ್ತಾಪುರ, ಧಾರವಾಡ

ಉತ್ತರ: ಬಿಡಬೇಡಿ. ಸಂಕೀರ್ಣ ಸಂಖ್ಯೆ, ಎರಡು ಆಯಾಮದ ಸದಿಶ (ವೆಕ್ಟರ್), ಮ್ಯಾಟ್ರಿಕ್ಸ್, ಸಂಭವನೀಯತೆ: ಆರಂಭಕ್ಕೆ ಬೇಕಾದ ಗಣಿತ ಇಷ್ಟೇ, ಅದು ನಿಮಗೆ ಬರುತ್ತದೆ. ಭೌತವಿಜ್ಞಾನಿ ಜಾನ್ ಬೆಲ್ 1964ರಲ್ಲಿ ತೋರಿಸಿದ ಫಲಿತಾಂಶವನ್ನು ಮೊದಲು ಕೈಯಾರೆ ಲೆಕ್ಕ ಹಾಕಿ.

ಪರಸ್ಪರ ಹೆಣೆದುಕೊಂಡ, ಅಂದರೆ ಒಂದೇ ಜಂಟಿ ಸ್ಥಿತಿಯಲ್ಲಿರುವ, ಎರಡು ಫೋಟಾನ್‌ಗಳಲ್ಲಿ (ಬೆಳಕಿನ ಕಣಗಳಲ್ಲಿ) ಒಂದು ಧಾರವಾಡಕ್ಕೆ, ಇನ್ನೊಂದು ಹುಬ್ಬಳ್ಳಿಗೆ ಬಂದಿತೆನ್ನೋಣ. ಎರಡೂ ಕಡೆ ಬೆಳಕನ್ನು ಕೋನಕ್ಕೆ ತಕ್ಕಂತೆ ಸೋಸುವ ಪೋಲರಾಯ್ಡ್ ಹಾಳೆಯನ್ನು 0, 60 ಅಥವಾ 120 ಡಿಗ್ರಿಗೆ ತಿರುಗಿಸಬಹುದು. ಕೋನ ಒಂದೇ ಆದಾಗ ಎರಡೂ ಫೋಟಾನ್‌ಗಳು ಸದಾ ಒಂದೇ ಉತ್ತರ ಕೊಡುತ್ತವೆ: ಎರಡೂ ದಾಟುತ್ತವೆ, ಇಲ್ಲವೇ ಎರಡೂ ತಡೆಯಲ್ಪಡುತ್ತವೆ. ಹಾಗಾದರೆ ಮೂರೂ ಕೋನಗಳ ಉತ್ತರ ಬರೆದ ಒಂದೇ ಬಗೆಯ ಚೀಟಿಯನ್ನು ಅವು ಹೊರಡುವಾಗಲೇ ತಂದಿರಬೇಕು ಎಂದು ಯಾರಿಗಾದರೂ ಅನಿಸುತ್ತದೆ. 1935ರಲ್ಲಿ ಐನ್‌ಸ್ಟೈನ್, ಪೊಡೊಲ್‌ಸ್ಕಿ, ರೋಸೆನ್ ವಾದಿಸಿದ್ದು ಹೆಚ್ಚುಕಡಿಮೆ ಇದನ್ನೇ. ಈಗ ಸಾಧ್ಯವಿರುವ ಎಂಟೂ ಚೀಟಿಗಳನ್ನು ಬರೆದು ನೋಡಿ. ಕೋನ ಮೂರು, ಉತ್ತರ ಎರಡೇ ಆದುದರಿಂದ ಪ್ರತಿ ಚೀಟಿಯಲ್ಲೂ ಕೋನಗಳ ಮೂರು ಜೋಡಿಗಳಲ್ಲಿ ಕನಿಷ್ಠ ಒಂದರ ಉತ್ತರಗಳು ಹೊಂದಲೇಬೇಕು; ಆದ್ದರಿಂದ ಎರಡು ಊರುಗಳಲ್ಲಿ ಬೇರೆ ಬೇರೆ ಕೋನಗಳನ್ನು ಮನಬಂದಂತೆ ಆರಿಸಿದಾಗ, ಕನಿಷ್ಠ 1/3 ಸಲ ಉತ್ತರಗಳು ಹೊಂದಬೇಕು. ಕ್ವಾಂಟಮ್ ಲೆಕ್ಕ ಕೊಡುವುದು 60 ಡಿಗ್ರಿಯ ಕೊಸೈನ್ ವರ್ಗ, ಅಂದರೆ 1/4; ಇದು 1/3ಕ್ಕಿಂತ ಕಡಿಮೆ, ಯಾವ ಚೀಟಿಗಳಿಂದಲೂ ಬಾರದು. ಅಲೇನ್ ಆಸ್ಪೆ 1982ರಲ್ಲಿ ನಡೆಸಿದಂಥ ಪ್ರಯೋಗಗಳು ಕ್ವಾಂಟಮ್ ಲೆಕ್ಕವನ್ನೇ ಎತ್ತಿಹಿಡಿದವು. ಇಂಥ ಪ್ರಯೋಗಗಳಿಗಾಗಿ 2022ರ ಭೌತಶಾಸ್ತ್ರದ ನೊಬೆಲ್ ಪ್ರಶಸ್ತಿ ಆಸ್ಪೆ, ಕ್ಲೌಸರ್, ಝೈಲಿಂಗರ್ ಅವರಿಗೆ ಸಂದಿತು.

ತತ್ತ್ವಶಾಸ್ತ್ರದ ಕೆಲಸ ಇಲ್ಲಿಂದ ಶುರು. ಚೀಟಿಯ ವಾದದಲ್ಲಿ ನಾವು ಅರಿಯದೆ ಒಪ್ಪಿಕೊಂಡದ್ದರಲ್ಲಿ ಯಾವುದನ್ನು ಬಿಟ್ಟುಕೊಡಬೇಕು? ಡೇವಿಡ್ ಬೋಮ್ (1952) ಕಣಗಳ ನಿಶ್ಚಿತ ಸ್ಥಾನವನ್ನು ಉಳಿಸಿಕೊಂಡು, ಹುಬ್ಬಳ್ಳಿಯ ಅಳತೆ ಧಾರವಾಡದ ಕಣವನ್ನು ತಕ್ಷಣವೇ ತಟ್ಟಬಹುದೆಂದು ಒಪ್ಪಿದರು. ಎವರೆಟ್ (1957) ಒಂದು ಅಳತೆಗೆ ಒಂದೇ ಫಲಿತಾಂಶ ಎಂಬುದನ್ನೇ ಕೈಬಿಟ್ಟರು. 'ವಾಸ್ತವವೇ ಇಲ್ಲವೆಂದು ಸಾಬೀತಾಗಿದೆ' ಎಂಬ ಮಾತು ಈ ಯಾವುದಕ್ಕೂ ನ್ಯಾಯ ಒದಗಿಸುವುದಿಲ್ಲ. ಇದನ್ನೆಲ್ಲ ವೇದಾಂತ ಮೊದಲೇ ಹೇಳಿದೆ ಎನ್ನುವ ಅವಸರವನ್ನೂ ಮಾಡಬೇಡಿ. ಎರಡನ್ನೂ ಗೌರವಿಸುವವರು ಎರಡನ್ನೂ ಬೇರೆ ಬೇರೆಯಾಗಿ ಪೂರ್ತಿ ಓದಬೇಕು.

ಎಂ.ಎಸ್‌ಸಿ. ಮುಗಿಸಿರಿ; ಅದರ ಅಂತಿಮ ವರ್ಷದ ಪ್ರಾಜೆಕ್ಟ್‌ಗೆ ಇದೇ ವಿಷಯವನ್ನು ಕೇಳಿ ಪಡೆಯಿರಿ. ತತ್ತ್ವಶಾಸ್ತ್ರದ ಪದವಿಯನ್ನು ಆಮೇಲೆ ಯೋಚಿಸಬಹುದು.